ಸಾಗರದಲ್ಲಿ ಎಣ್ಣೆ ಇದೆಯೆ?

‘ಸಾಗರದಲ್ಲಿ ಎಣ್ಣೆ ಇದೆಯೆ?’ ಎಂಬ ಪ್ರಶ್ನೆಯನ್ನು ಕಂಪ್ಯೂಟರಿನಲ್ಲಿ ಮಾತಾಡುವ ಕೃತಕ ಬುದ್ಧಿಯ ಸಹಾಯಕನಿಗೆ ಯಾರಾದರೂ ಹಾಕಿದರೆನ್ನಿ. ಕೇಳಿದವರು ಶಿವಮೊಗ್ಗ ಜಿಲ್ಲೆಯ ಸಾಗರದವರು. ಅವರ ಮನಸ್ಸಿನಲ್ಲಿರುವುದು ಗಣಪತಿ ಕೆರೆ, ಮಾರಿಕಾಂಬಾ ಜಾತ್ರೆ ಮತ್ತು ಶ್ರೀಗಂಧದ ಕೆತ್ತನೆಯ ಊರು. ಯಂತ್ರಕ್ಕೆ ಮಾತ್ರ ‘ಸಾಗರ’ ಎಂದರೆ ಹಲವು. ಮಧ್ಯಪ್ರದೇಶದಲ್ಲಿ ಸಾಗರ್ ಎಂಬ ಜಿಲ್ಲೆಯಿದೆ. ಆ ಜಿಲ್ಲೆಯ ಬೀನಾದಲ್ಲಿ 2011ರಲ್ಲಿ ಲೋಕಾರ್ಪಣೆಯಾದ ದೊಡ್ಡ ತೈಲ ಶುದ್ಧೀಕರಣ ಕಾರ್ಖಾನೆಯಿದೆ. 1974ರಲ್ಲಿ ಮುಂಬಯಿಯ ಪಶ್ಚಿಮದ ಕಡಲಿನಲ್ಲಿ ‘ಬಾಂಬೆ ಹೈ’ ನಿಕ್ಷೇಪವನ್ನು ಕೊರೆದು ತೋರಿಸಿದ ಹಡಗಿನಂಥ ಯಂತ್ರದ ಹೆಸರು ‘ಸಾಗರ್ ಸಮ್ರಾಟ್’. ಬಂಗಾಳದಲ್ಲಿ ಗಂಗೆ ಕಡಲು ಸೇರುವಲ್ಲಿ ಸಾಗರ ದ್ವೀಪವೊಂದಿದೆ. ಇವೆಲ್ಲಕ್ಕೂ ಮಿಗಿಲಾಗಿ ಸಾಗರವೆಂದರೆ ಸಮುದ್ರ. ಸಮುದ್ರದಲ್ಲಿ ಎಣ್ಣೆ ಇದ್ದೇ ಇದೆ. ಹೀಗಾಗಿ ಯಂತ್ರವು ಎಳ್ಳಷ್ಟೂ ಅಳುಕದೆ ‘ಹೌದು, ಇದೆ’ ಎಂದು ಹೇಳಿಬಿಡುವ ಸಂಭವ ಉಂಟು. ಆ ಉತ್ತರವನ್ನು ಸುಳ್ಳೆನ್ನಲಾಗದು. ನಮ್ಮ ಸಾಗರಕ್ಕೆ ಅದು ಸಲ್ಲುವುದಿಲ್ಲ, ಅಷ್ಟೆ.

ಇಂಥ ಪ್ರಶ್ನೋತ್ತರ ಈಗ ಬರಿಯ ವಿನೋದವಾಗಿ ಉಳಿದಿಲ್ಲ. ಜಗತ್ತಿನ ತೈಲಬಾವಿ, ಕೊಳವೆಮಾರ್ಗ, ಶುದ್ಧೀಕರಣ ಕೇಂದ್ರಗಳನ್ನು ಗುರುತಿಸಿದ ನಕ್ಷೆಗಳು ಸಾರ್ವಜನಿಕರ ಕೈಗೂ ಎಟಕುತ್ತಿವೆ. ಭಾರತದಲ್ಲಿ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯವು 2017ರಲ್ಲಿ ರಾಷ್ಟ್ರೀಯ ದತ್ತಾಂಶ ಭಂಡಾರವೊಂದನ್ನು ತೆರೆಯಿತು. ಹಳೆಯ ಬಾವಿಗಳ ದಾಖಲೆ, ಭೂಕಂಪನ ಅಲೆಗಳಿಂದ ನೆಲದಾಳವನ್ನು ಅರಿಯುವ ಸಮೀಕ್ಷೆಗಳ ಫಲಿತಾಂಶ ಅಲ್ಲಿ ಒಂದೆಡೆ ಸೇರಿವೆ. ಇಂಥ ಭಂಡಾರಗಳಿಂದ ಏನನ್ನಾದರೂ ಹುಡುಕಿ ತೆಗೆಯಲು ಮೊದಲೆಲ್ಲ ಆ ವಿದ್ಯೆ ಕಲಿತವರೇ ಬೇಕಿತ್ತು. ಈಗ ಆಡುಮಾತಿನಲ್ಲೇ ಕೇಳಬಹುದು ಎನ್ನುವುದು ಹೊಸ ಸಂಗತಿ.

ಅದು ನಡೆಯುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಕಂಪ್ಯೂಟರಿನ ಒಳಗಿರುವ ನಕ್ಷೆ ಗೋಡೆಗೆ ತೂಗುಹಾಕುವ ಚಿತ್ರದಂಥದಲ್ಲ. ಅದೊಂದು ಪಟ್ಟಿ. ಬಾವಿ ಒಂದು ಚುಕ್ಕೆ; ಚುಕ್ಕೆಗೆ ಅಕ್ಷಾಂಶ, ರೇಖಾಂಶ. ಕೊಳವೆ ಒಂದು ಗೆರೆ. ತಾಲ್ಲೂಕು ಎಂದರೆ ಗೆರೆಗಳಿಂದ ಸುತ್ತುವರಿದ ಬಯಲು. ಒಂದೊಂದು ಬಗೆಯೂ ಒಂದೊಂದು ಪದರ. ಪದರದ ಮೇಲೆ ಪದರವಿಟ್ಟು ‘ಈ ಗೆರೆ ಈ ಬಯಲನ್ನು ದಾಟುತ್ತದೆಯೆ? ಈ ಚುಕ್ಕೆಯಿಂದ 50 ಕಿಲೋಮೀಟರಿನ ಒಳಗೆ ಯಾವ ಗೆರೆಯಿದೆ?’ ಎಂದು ಕೇಳಿದರೆ ಉತ್ತರ ಬರುತ್ತದೆ. ಆದರೆ ಕೇಳಬೇಕಾದ್ದು ಆ ಯಂತ್ರದ ಭಾಷೆಯಲ್ಲಿ. ಸಹಾಯಕನ ಮುಖ್ಯ ಕೆಲಸ ಇಲ್ಲೇ. ನಮ್ಮ ಮಾತನ್ನು ಪಟ್ಟಿಗೆ ಹಾಕುವ ಪ್ರಶ್ನೆಯಾಗಿ ಮಾರ್ಪಡಿಸುವುದು, ಬಂದ ಅಂಕಿಗಳನ್ನು ಮತ್ತೆ ನಮ್ಮ ಮಾತಿಗೆ ತರುವುದು. ಅಂದರೆ ಆತ ದುಭಾಷಿ. ದುಭಾಷಿಯ ಕೈಗೆ ಪಟ್ಟಿಯನ್ನೇ ಕೊಡದಿದ್ದರೆ, ತಾನು ಹಿಂದೆಂದೋ ಓದಿದ್ದರ ನೆನಪಿನಿಂದ ಹೇಳುತ್ತಾನೆ. ತಪ್ಪು ಹೆಚ್ಚಾಗಿ ನುಸುಳುವುದು ಅಲ್ಲಿ.

ಹಾಗಾದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಬಗ್ಗೆ ಸರಿಯಾದ ಉತ್ತರವೇನು? ಇಲ್ಲಿ ಎಣ್ಣೆಯಿಲ್ಲ. ಇರಲೂ ಸಾಧ್ಯವಿಲ್ಲ. ಕಡಲ ತಳದ ಕೆಸರಿನಲ್ಲಿ ಹೂತುಹೋದ ಸೂಕ್ಷ್ಮಜೀವಿಗಳು ಪದರ ಪದರವಾದ ಶಿಲೆಯ ಅಡಿಯಲ್ಲಿ ಹದವಾದ ಕಾವಿನಲ್ಲಿ ಬಹುಕಾಲ ಬೆಂದರೆ ಎಣ್ಣೆಯಾಗುತ್ತದೆ. ಬಾಂಬೆ ಹೈನಲ್ಲಿ ಎಣ್ಣೆ ತುಂಬಿಕೊಂಡಿರುವ ಸುಣ್ಣಕಲ್ಲು ಎರಡು ಕೋಟಿ ವರ್ಷಗಳ ಆಸುಪಾಸಿನದು. ಮಲೆನಾಡಿನ ಕಲ್ಲಾದರೋ 250 ಕೋಟಿ ವರ್ಷಗಳಿಗೂ ಹಳೆಯದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1880ರ ದಶಕದಲ್ಲಿ ಈ ಶಿಲಾಸಮೂಹಕ್ಕೆ ‘ಧಾರವಾಡ’ ಎಂಬ ಹೆಸರಿಟ್ಟರು. ಇಂದಿಗೂ ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿ ಆ ಹೆಸರೇ ಇದೆ. ಆ ಕಾಲಕ್ಕೆ ಎಣ್ಣೆಯಾಗಬಲ್ಲಷ್ಟು ಜೀವರಾಶಿ ಇರಲಿಲ್ಲ. ಇದ್ದಿದ್ದರೂ ಮುಂದೆ ಆ ಕಲ್ಲು ಅನುಭವಿಸಿದ ಕಾವು, ಒತ್ತಡಗಳಲ್ಲಿ ಉಳಿಯುತ್ತಿರಲಿಲ್ಲ. ಕಬ್ಬಿಣ, ಮ್ಯಾಂಗನೀಸ್ ಅದಿರು ಉಂಟು, ಎಣ್ಣೆ ಇಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ನಿಂತವರು ನೋಡುವುದು ಉಡುಪಿಯ ಕಡಲ ಕಡೆಗೆ. ಅಲ್ಲಿಂದ ನೇರ ಗೆರೆ ಎಳೆದರೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಕಾಪುವಿನ ಬಳಿಯ ಪಾದೂರಿನಲ್ಲಿ, ನೆಲದಡಿಯ ಕಲ್ಲನ್ನು ಕೊರೆದು ಮಾಡಿದ ಭಾರಿ ಗುಹೆಗಳಲ್ಲಿ ದೇಶದ ಆಪತ್ಕಾಲದ ಕಚ್ಚಾತೈಲವಿದೆ. ಅದರ ಸಾಮರ್ಥ್ಯ 25 ಲಕ್ಷ ಟನ್. ಮಂಗಳೂರಿನಲ್ಲಿ ಇನ್ನೊಂದು, 15 ಲಕ್ಷ ಟನ್ನಿನದು. ಈ ಗುಹೆಗಳ ಗೋಡೆಗೆ ಉಕ್ಕಿನ ಹೊದಿಕೆಯಿಲ್ಲ. ಸುತ್ತಲಿನ ಕಲ್ಲಿನ ಬಿರುಕುಗಳಲ್ಲಿ ನೀರನ್ನು ಸದಾ ತುಂಬಿಸಿಟ್ಟು ಆ ನೀರಿನ ಒತ್ತಡದಿಂದಲೇ ಎಣ್ಣೆ ಹೊರಗೆ ಜಿನುಗದಂತೆ ತಡೆಯುತ್ತಾರೆ. ಎಣ್ಣೆ ಹುಟ್ಟಲಾರದ ಪುರಾತನ ಗಟ್ಟಿ ಕಲ್ಲೇ ಎಣ್ಣೆ ಇಡಲು ಯೋಗ್ಯವಾದುದು. ‘ಇಲ್ಲಿ ಎಣ್ಣೆಯಿದೆಯೆ?’ ಎಂಬ ಪ್ರಶ್ನೆಗೆ ನಿಕ್ಷೇಪದ ಪದರವನ್ನು ಮಾತ್ರ ನೋಡಿ ಉತ್ತರಿಸುವ ಯಂತ್ರಕ್ಕೆ ಪಾದೂರು ಕಾಣುವುದೇ ಇಲ್ಲ. ದಾಸ್ತಾನಿನ ಪದರವನ್ನೂ ನೋಡೆಂದು ಕೇಳುವವನೇ ಹೇಳಬೇಕಾದೀತು.

ದೊಡ್ಡ ಕೊಳವೆಗಳ ಮಾತಿಗೆ ಬಂದರೆ, ಈ ಮೂರು ತಾಲ್ಲೂಕುಗಳು ನಡುವೆ ಉಳಿದಿವೆ. 2013ರಲ್ಲಿ ಆರಂಭವಾದ ದಾಭೋಳ್-ಬೆಂಗಳೂರು ಅನಿಲ ಮಾರ್ಗ ಬೆಳಗಾವಿ, ಧಾರವಾಡಗಳಿಂದ ದಾವಣಗೆರೆ, ಚಿತ್ರದುರ್ಗಗಳ ಬಯಲುಸೀಮೆ ಹಿಡಿದು ಹೋಗುತ್ತದೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಡೀಸೆಲ್, ಪೆಟ್ರೋಲು ಹರಿಯುವ ಮಾರ್ಗ ಘಟ್ಟವನ್ನು ದಾಟುವುದು ದಕ್ಷಿಣದಲ್ಲಿ. ಕೊಚ್ಚಿಯಿಂದ ಬರುವ ಅನಿಲ ಮಾರ್ಗ 2021ರಲ್ಲಿ ಮಂಗಳೂರನ್ನು ಮುಟ್ಟಿತು.

ನಾಳೆ ಇಂಥ ಗೆರೆಯೊಂದು ಅಡಿಕೆ ತೋಟದ ಮೇಲೆ ಬಂದರೆ? ಈ ಪ್ರಶ್ನೆ ವಿನೋದದ್ದಲ್ಲ. 1962ರ ಪೆಟ್ರೋಲಿಯಂ ಕೊಳವೆಮಾರ್ಗ ಕಾಯ್ದೆಯ ಪ್ರಕಾರ ಸರಕಾರ ಜಮೀನನ್ನು ಕೊಳ್ಳುವುದಿಲ್ಲ, ಬಳಸುವ ಹಕ್ಕನ್ನಷ್ಟೇ ಪಡೆಯುತ್ತದೆ. ಪಹಣಿಯಲ್ಲಿ ಹೆಸರು ರೈತನದೇ. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಭತ್ತದ ಗದ್ದೆಗೆ ಇದು ಅಷ್ಟು ಬಾಧಕವಲ್ಲ. ಮರವನ್ನೇ ನಂಬಿದ ತೋಟಿಗನಿಗೆ ಹೆಚ್ಚುಕಡಿಮೆ ಜಮೀನು ಹೋದಂತೆಯೇ. ಆಕ್ಷೇಪಣೆ ಸಲ್ಲಿಸಲು ಅಧಿಸೂಚನೆಯ ದಿನದಿಂದ 21 ದಿನಗಳ ಅವಕಾಶ. ಆ ಅವಧಿಯಲ್ಲಿ ಯಂತ್ರವನ್ನು ಕೇಳಿ ‘ನಿಮ್ಮ ಊರಿನಿಂದ ಎರಡು ಕಿಲೋಮೀಟರ್ ಆಚೆ ಹೋಗುತ್ತದೆ’ ಎಂಬ ಉತ್ತರ ಪಡೆದು ಸುಮ್ಮನಾದವನು ಕೆಡುತ್ತಾನೆ. ಏಕೆಂದರೆ ಜಗತ್ತಿಗೆಲ್ಲ ಅನ್ವಯಿಸುವಂತೆ ಸಿದ್ಧಪಡಿಸಿದ ನಕ್ಷೆಗಳಲ್ಲಿ ಎಷ್ಟೋ ಕಡೆ ಗೆರೆಯನ್ನು ಎರಡು ಪೇಟೆಗಳ ನಡುವೆ ಅಂದಾಜಿನಲ್ಲಿ ಎಳೆದಿರುತ್ತಾರೆ. ಗೆಜೆಟ್ಟಿನಲ್ಲಿ ಇರುವುದು ಸರ್ವೆ ನಂಬರು. ನೋಡಬೇಕಾದ್ದು ಅದನ್ನು.

ಮಲೆನಾಡಿನವರಿಗೆ ಇದು ಹೊಸ ಪಾಠವೇನಲ್ಲ. ನೆಲವನ್ನು ಪಟ್ಟಿಗೆ ಇಳಿಸುವ ಕೆಲಸ, ಪಟ್ಟಿಯನ್ನು ಕೇಳಿ ತೀರ್ಮಾನ ಮಾಡುವ ಕೆಲಸ ಈ ಸೀಮೆಯಲ್ಲಿ ಮುನ್ನೂರೈವತ್ತು ವರ್ಷಗಳಿಂದ ನಡೆದಿದೆ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಎಲ್ಲರಿಗೂ ಗಾದೆಯಾಗಿ ಗೊತ್ತು. ಅದು ಏನೆಂಬುದು ಅಷ್ಟಾಗಿ ಗೊತ್ತಿಲ್ಲ. ಮೈಸೂರು ಗೆಜೆಟಿಯರಿನಲ್ಲಿ ದಾಖಲಾದ ಪ್ರತೀತಿಯಂತೆ, ಒಂದೊಂದು ಹಳ್ಳಿಯಲ್ಲೂ ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಗದ್ದೆಯನ್ನು ಅರಸನೇ ತನ್ನ ಖರ್ಚಿನಲ್ಲಿ ಸತತ 12 ವರ್ಷ ಸಾಗುವಳಿ ಮಾಡಿಸಿದ. ಬಿತ್ತಿದ ಬೀಜ ಎಷ್ಟು, ತಗುಲಿದ ವೆಚ್ಚ ಎಷ್ಟು, ಬಂದ ಫಸಲು ಎಷ್ಟು, ಅದರ ಬೆಲೆ ಎಷ್ಟು ಎಂದು ಬರೆಸಿದ. ಸರಾಸರಿ ತೆಗೆದು, ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಸರಕಾರದ ಕಂದಾಯವೆಂದು ನಿಗದಿ ಮಾಡಿದ. ನೆಲವನ್ನು ಐದು ದರ್ಜೆಗಳಾಗಿ ವಿಂಗಡಿಸಿದ. ಹದಿನೈದು ವರ್ಷದ ಆಳ್ವಿಕೆಯಲ್ಲಿ 12 ವರ್ಷದ ಪ್ರಯೋಗ ಎಂಬುದು ಜನರ ಬಾಯಲ್ಲಿ ಸ್ವಲ್ಪ ಬೆಳೆದ ಮಾತೂ ಇರಬಹುದು. ಆದರೂ ಸಂಗತಿಯ ಸಾರ ಸ್ಪಷ್ಟ: ಕಾಗದದ ಮೇಲೆ ಗೆರೆ ಎಳೆದ ನಕ್ಷೆ ಇಲ್ಲದೆಯೇ ಇದೊಂದು ದತ್ತಾಂಶ ಭಂಡಾರ.

ತೋಟಗಳಿಗೆ ಬೇರೆಯೇ ಅಳತೆ. ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ ಹೋದವರು ನಡುವಣ ಕಂಬಗಳ ಅಂತರವನ್ನು ಗಮನಿಸಬೇಕು. ಇಂಗ್ಲಿಷ್ ಅಳತೆಯಲ್ಲಿ 18 ಅಡಿ 6 ಅಂಗುಲ. ನಗರ ಸೀಮೆಯಲ್ಲೆಲ್ಲ ತೋಟ ಅಳೆಯುವ ಕೋಲಿನ ಉದ್ದ ಅದೇ. ಆ ಕೋಲಿನ ಚೌಕಕ್ಕೆ ‘ದಾಯ’ ಎಂದು ಹೆಸರು. ಅಳೆಯುವ ಅಧಿಕಾರಿಯ ಕೋಲು ಗಿಡ್ಡವಾಯಿತೆಂದು ಅನುಮಾನ ಬಂದ ರೈತ ಇಕ್ಕೇರಿಗೆ ಹೋಗಿ ಕಂಬಕ್ಕೆ ಕೋಲು ಹಿಡಿದು ನೋಡಬಹುದಿತ್ತು. ಕಂಬ ಕಲ್ಲಿನದು, ಅದನ್ನು ಯಾರೂ ತಿದ್ದಲಾರರು. ಇಂದಿನ ದತ್ತಾಂಶ ಭಂಡಾರಗಳಲ್ಲಿ ಇಂಥ ಕಂಬ ಎಲ್ಲಿದೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕೋಲು, ಕೊಳಗಗಳ ಮೇಲಿನ ಜಗಳ ಎಷ್ಟು ಗಂಭೀರ ಎಂಬುದಕ್ಕೆ ಸಾಗರ ತಾಲ್ಲೂಕಿನಲ್ಲೇ ಸಾಕ್ಷಿಯಿದೆ. 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದು ಗೇಣಿಯ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದು ಎಂಬ ಪ್ರಶ್ನೆಯಿಂದ. ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಗೇಣಿದಾರರು ನಿಂತರು, ಸಮಾಜವಾದಿಗಳು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗ ಯಾರ ಕೈಯಲ್ಲಿದೆ ಎಂಬುದು ಕೊಳಗದೊಳಗೆ ಏನಿದೆ ಎಂಬುದರಷ್ಟೇ ಮುಖ್ಯವಾಗಿತ್ತು.

ಶಿವಪ್ಪನಾಯಕನ ನಂತರ ಈ ನೆಲಕ್ಕೆ ಪ್ರಶ್ನೆ ಹಾಕಿದವರು ಕಂಪನಿ ಸರಕಾರದವರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಗೆದ್ದ ಸೀಮೆಯಲ್ಲಿ ಏನೇನಿದೆ ಎಂಬುದು ಅವರಿಗೆ ಬೇಕಾಯಿತು. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1801ರಲ್ಲಿ ಇಕ್ಕೇರಿ, ನಗರಗಳ ಮೂಲಕ ಹಾದುಹೋದ. ಅಡಿಕೆ ಹೇಗೆ ಬೇಯಿಸುತ್ತೀರಿ, ಮೆಣಸಿನ ಬಳ್ಳಿಗೆ ಯಾವ ಮರ, ಕಂದಾಯ ಎಷ್ಟು ಎಂದು ಕೇಳಿದ್ದೇ ಕೇಳಿದ್ದು. 1807ರಲ್ಲಿ ಆ ಪ್ರವಾಸ ಕಥನ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಜನ ತನಗೆ ಪೂರ್ತಿ ನಿಜ ಹೇಳುತ್ತಿಲ್ಲ ಎಂಬ ಗುಮಾನಿ ಬುಕಾನನ್ನನಿಗೆ ಆಗಾಗ ಬರುತ್ತಿತ್ತು. ಬಾರದೆ ಏನು? ಲೆಕ್ಕ ಕೇಳಲು ಬಂದವನಿಗೆ ಫಸಲನ್ನು ಕಡಿಮೆ ಹೇಳುವುದು ಯಾವ ಕಾಲದ ರೈತನಿಗೂ ಗೊತ್ತಿರುವ ವಿದ್ಯೆ.

ಕಾಲಿನ್ ಮೆಕೆಂಜಿಯ ಕ್ರಮ ಬೇರೆ. ಮೈಸೂರು ಸೀಮೆಯನ್ನು ಸುಮಾರು ಹತ್ತು ವರ್ಷ ಸರಪಳಿ, ದುರ್ಬೀನುಗಳಿಂದ ಅಳೆದು ನಕ್ಷೆ ಬರೆಸುತ್ತಲೇ, ಊರೂರಿಗೆ ಸಹಾಯಕರನ್ನು ಕಳಿಸಿ ಶಾನುಭೋಗರಿಂದಲೂ ಹಿರಿಯರಿಂದಲೂ ಕೈಫಿಯತ್ತುಗಳನ್ನು ಬರೆಸಿಕೊಂಡ. ಊರಿನ ಹೆಸರು ಹೇಗೆ ಬಂತು, ಯಾರು ಆಳಿದರು, ಕೆರೆ ಯಾರು ಕಟ್ಟಿಸಿದರು ಎಂಬ ಪ್ರಶ್ನೆಗಳಿಗೆ ಊರಿನವರ ಉತ್ತರವೇ ಕೈಫಿಯತ್ತು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಮೆಕೆಂಜಿಗೆ ಈ ನಾಡಿನ ಭಾಷೆಗಳು ಬಾರದು. ಎಲ್ಲವೂ ಕಾವಲಿ ವೆಂಕಟ ಬೊರಯ್ಯನಂಥ ದುಭಾಷಿಗಳ ಮೂಲಕ. ಬೊರಯ್ಯ 1803ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡಾಗ ಮೆಕೆಂಜಿ ಬಹಳ ನೊಂದುಕೊಂಡ. ಆ ದುಭಾಷಿಗೆ ಯಾವ ಊರಿನಲ್ಲಿ ಯಾರನ್ನು ಕೇಳಬೇಕು, ಯಾರ ಮಾತಿಗೆ ಎಷ್ಟು ಬೆಲೆ ಎಂಬ ವಿವೇಚನೆಯಿತ್ತು. ಇಂದಿನ ಯಂತ್ರ ದುಭಾಷಿ ಭಾಷೆಯಲ್ಲಿ ಬೊರಯ್ಯನನ್ನು ಮೀರಿಸಬಹುದು. ಈ ವಿವೇಚನೆಯಲ್ಲಿ ಇನ್ನೂ ಬಹಳ ಹಿಂದಿದೆ.

ಹೆಸರಿನ ಗೊಂದಲಕ್ಕೆ ಮತ್ತೆ ಬರೋಣ. ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಅದು ಹೈದರನಗರ. ಕಾಲಕ್ರಮೇಣ ಬರಿಯ ನಗರ. ತಾಲ್ಲೂಕಿನ ಕಚೇರಿ ಅಲ್ಲಿಂದ ಕಲ್ಲೂರುಕಟ್ಟೆಗೆ ಬಂದಾಗ ಆ ಊರು ಹೊಸನಗರವಾಯಿತು. ಹಳೆಯ ನಕ್ಷೆಯಲ್ಲಿ ‘ಬೆಡ್ನೋರ್’, ಹೊಸದರಲ್ಲಿ ‘ನಗರ’. ಇವೆರಡೂ ಒಂದೇ ಎಂದು ಯಂತ್ರಕ್ಕೆ ತಾನಾಗಿ ತಿಳಿಯದು. ‘ನಗರ’ ಎಂದರೆ ಪಟ್ಟಣ ಎಂಬ ಅರ್ಥವನ್ನೇ ಹಿಡಿದು ಅದು ಬೆಂಗಳೂರಿಗೆ ಹೋದರೂ ಅಚ್ಚರಿಯಿಲ್ಲ. ಹೆಸರು ಹೇಳುವ ಬದಲು ಜಿಲ್ಲೆ, ತಾಲ್ಲೂಕು, ಸಾಧ್ಯವಾದರೆ ಅಕ್ಷಾಂಶ ರೇಖಾಂಶವನ್ನೇ ಹೇಳಿ ಕೇಳುವುದು ಕ್ಷೇಮ.

ಇನ್ನು ನೀರಿನಡಿ ಹೋದ ಊರುಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಗ್ರಾಮಗಳು ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆಯೇ ಹೊಸ ಜಲಾಶಯದ ಹೊಟ್ಟೆಯೊಳಗೆ ಸೇರಿಹೋಯಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. 1964ಕ್ಕೆ ಹಿಂದಿನ ಪದರವನ್ನು ಇಂದಿನ ಪದರದ ಜತೆ ಬೆರೆಸಿದರೆ ಯಂತ್ರವು ನೀರಿನ ಮೇಲೆ ಊರು ತೋರಿಸುತ್ತದೆ, ಊರಿನ ಮೇಲೆ ಕಾಡು ತೋರಿಸುತ್ತದೆ. ಮುಳುಗಡೆಯ ಸಂತ್ರಸ್ತರ ಗೋಳೂ ಬಹುಮಟ್ಟಿಗೆ ಇಂಥದೇ: ಅವರಿಗೆ ಕೊಟ್ಟ ನೆಲ ಒಂದು ಇಲಾಖೆಯ ಕಡತದಲ್ಲಿ ಪುನರ್ವಸತಿಯದು, ಇನ್ನೊಂದರ ಕಡತದಲ್ಲಿ ಅರಣ್ಯ. ಅರವತ್ತು ವರ್ಷ ಕಳೆದರೂ ಈ ಎರಡು ಪದರಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ.

ದೂರವೂ ಹಾಗೆಯೇ. ಹಿನ್ನೀರಿನ ಆಚೆಯ ತುಮರಿ, ಸಿಗಂದೂರಿನವರಿಗೆ ಅಂಬಾರಗೋಡ್ಲು ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. ನಕ್ಷೆಯ ಮೇಲೆ ನೇರ ಗೆರೆ ಎಳೆಯುವ ಯಂತ್ರಕ್ಕೂ ಹತ್ತಿರ. ಆದರೆ ಗ್ಯಾಸ್ ಸಿಲಿಂಡರ್ ಆಗಲಿ, ಡೀಸೆಲ್ ಆಗಲಿ, ಹೆರಿಗೆಯ ಹೆಂಗಸಾಗಲಿ ದಾಟಬೇಕಿದ್ದರೆ ಲಾಂಚಿನ ಸರದಿ ಕಾಯಬೇಕು, ಇಲ್ಲವೇ ಬಳಸು ದಾರಿ ಹಿಡಿಯಬೇಕು. ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಅಲ್ಲಿಯವರೆಗೆ ನಕ್ಷೆಯ ದೂರ ಒಂದು, ಬದುಕಿನ ದೂರ ಇನ್ನೊಂದು.

ಕೇಳಿದ ಪ್ರಶ್ನೆಯಿಂದಲೇ ಊರಿನ ಹಣೆಬರಹ ಬದಲಾದ ನಿದರ್ಶನ ಬೇಕಿದ್ದರೆ ಪಶ್ಚಿಮಘಟ್ಟದ ಕಸ್ತೂರಿರಂಗನ್ ಸಮಿತಿಯ ವರದಿಯನ್ನು ನೋಡಬಹುದು. 2013ರಲ್ಲಿ ಸಲ್ಲಿಕೆಯಾದ ಈ ವರದಿಗೆ ಉಪಗ್ರಹದ ಚಿತ್ರಗಳೇ ಆಧಾರ. ಒಂದು ಗ್ರಾಮದ ವಿಸ್ತಾರದಲ್ಲಿ ಶೇಕಡಾ 20 ಅಥವಾ ಹೆಚ್ಚು ಭಾಗ ಸಹಜ ಭೂದೃಶ್ಯವೆಂದು ಕಂಡರೆ ಇಡೀ ಗ್ರಾಮ ಪರಿಸರ ಸೂಕ್ಷ್ಮ ಪ್ರದೇಶ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅನೇಕ ಗ್ರಾಮಗಳು ಆ ಪಟ್ಟಿಯಲ್ಲಿವೆ. 2014ರ ಕರಡು ಅಧಿಸೂಚನೆಯಿಂದ ಮೊದಲಾಗಿ 2024ರ ಜುಲೈ ಕೊನೆಯ ಆರನೆಯ ಕರಡಿನವರೆಗೆ ವಾದ ನಡೆದೇ ಇದೆ. ಮೇಲಿನಿಂದ ನೋಡಿದರೆ ಸೊಪ್ಪಿನ ಬೆಟ್ಟಕ್ಕೂ ಕಾಡಿಗೂ, ನೆರಳಿನ ತೋಟಕ್ಕೂ ಕಾಡಿಗೂ ವ್ಯತ್ಯಾಸ ತಿಳಿಯುವುದು ಕಷ್ಟ ಎಂಬುದು ಊರವರ ತಕರಾರು. ಕಾಡು ಉಳಿಯಬೇಕೆಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ 20 ಎಂಬ ಅಂಕಿ ಉಪಗ್ರಹ ಹೇಳಿದ್ದಲ್ಲ, ಕುಳಿತವರು ಗೊತ್ತುಮಾಡಿದ್ದು. ಅದು 30 ಆಗಿದ್ದರೆ ಪಟ್ಟಿ ಬೇರೆಯಾಗುತ್ತಿತ್ತು. ಯಂತ್ರ ಹೇಳಿತು ಎಂದು ಹೇಳುವಾಗ ಈ ಬಗೆಯ ಅಂಕಿಗಳು ಮರೆಗೆ ಸರಿಯುತ್ತವೆ.

ಇಲ್ಲ ಎನ್ನುವುದು ಬೇರೆ, ಪಟ್ಟಿಯಲ್ಲಿ ಇಲ್ಲ ಎನ್ನುವುದು ಬೇರೆ. ಹಿಂದೆ ಸರ್ವೆ ಇಲಾಖೆಯ ವಿವರವಾದ ನಕ್ಷೆಗಳು, ಕರಾವಳಿ ಮತ್ತು ಗಡಿಯಿಂದ ಸುಮಾರು 80 ಕಿಲೋಮೀಟರ್ ಒಳಗಿನವು, ಸಾಮಾನ್ಯರಿಗೆ ಸಿಗುತ್ತಿರಲಿಲ್ಲ. ಕಡಲಿನಿಂದ ಅಷ್ಟು ದೂರವಿಲ್ಲದ ಸಾಗರದ ಶಾಲಾ ಮಾಸ್ತರರಿಗೆ ತಮ್ಮ ಊರಿನ ನಕ್ಷೆಯೇ ನಿಷಿದ್ಧ ವಸ್ತು. 2021ರ ಫೆಬ್ರುವರಿಯಲ್ಲಿ ನಕ್ಷೆಗಳ ಮೇಲಿನ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿದರು. ಪಹಣಿಗಳು ‘ಭೂಮಿ’ ಯೋಜನೆಯಲ್ಲಿ 2000ದ ಹೊತ್ತಿಗೇ ಕಂಪ್ಯೂಟರಿಗೆ ಏರಿದ್ದವು. ಹೀಗೆ ಈಗ ಕೇಳಲು ಪದರಗಳೇನೋ ಬೇಕಾದಷ್ಟಿವೆ.

ಒಂದು ಪದರ ಮಾತ್ರ ನನಗೆ ಎಲ್ಲೂ ಕಂಡಿಲ್ಲ. ಸೀಮೆಎಣ್ಣೆ ಬರುವ ಮೊದಲು ಇಲ್ಲಿ ದೀಪ ಉರಿದದ್ದು ಹೊನ್ನೆ ಎಣ್ಣೆಯಿಂದ. ಶರಾವತಿಯ ವಿದ್ಯುತ್ತು ನಾಡಿಗೆಲ್ಲ ಹರಿದ ಮೇಲೂ ಮುಳುಗಡೆಯ ಎಷ್ಟೋ ಮನೆಗಳಲ್ಲಿ ಬಹುಕಾಲ ಚಿಮಣಿ ಬುಡ್ಡಿಯೇ ಗತಿ. ಅನಿಲವೋ, ಕೊಳವೆಯಲ್ಲಿ ಬರುವ ಮುಂಚೆಯೇ ಈ ಭಾಗದ ಕೊಟ್ಟಿಗೆಗಳ ಪಕ್ಕದಲ್ಲಿ ಹುಟ್ಟಿತು. ಪಕ್ಕದ ಶಿರಸಿ ತಾಲ್ಲೂಕಿನಲ್ಲಿ ಗೋಬರ್ ಗ್ಯಾಸ್ ಎಷ್ಟು ಚೆನ್ನಾಗಿ ನೆಲೆಯೂರಿದೆ ಎಂಬ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 2001ರಲ್ಲಿ ಅಧ್ಯಯನವನ್ನೇ ಪ್ರಕಟಿಸಿದರು. ‘ಹೊಸನಗರ ತಾಲ್ಲೂಕಿನಲ್ಲಿ ಅನಿಲ ಉತ್ಪಾದನಾ ಕೇಂದ್ರಗಳೆಷ್ಟು?’ ಎಂದು ತೈಲ-ಅನಿಲದ ನಕ್ಷೆಯನ್ನು ಕೇಳಿದರೆ ಉತ್ತರ ಸೊನ್ನೆ ಎಂದೇ ಬರುತ್ತದೆ. ಕೇಳುವ ಮನೆಯ ಒಲೆಯ ಮೇಲೆ ಆಗ ಕಾಫಿಗೆ ನೀರು ಕುದಿಯುತ್ತಿರುವುದು ಕೊಟ್ಟಿಗೆಯ ಸಗಣಿ ಅನಿಲದಿಂದಲೇ ಇರಬಹುದು.